ಅಂಗಿ ಕಿಸೆಗೆ ಒಂದು ಸಣ್ಣ ಇಂಕ್ ಪೆನ್ನು: ಆರಿಸೋದು ಹೇಗೆ?

“ಸರ್, ದಿನಾ ಕಿಸೆಯಲ್ಲಿ ಇಟ್ಕೊಳ್ಳೋಕೆ ಒಂದು ಸಣ್ಣ ಇಂಕ್ ಪೆನ್ ಹೇಳ್ರಿ, ಭಾಳ ತುಟ್ಟಿ ಇರಬಾರದು.” ತಿಂಗಳಿಗೆ ನಾಲ್ಕೈದು ಮಂದಿಯಾದರೂ ಹೀಗೆ ಕೇಳುತ್ತಾರೆ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗರು, ಹಾವೇರಿ ಕಡೆಯ ಮಾಸ್ತರರು, ಹುಬ್ಬಳ್ಳಿಯ ವಕೀಲರು. ಎಲ್ಲರಿಗೂ ಬೇಕಾಗಿರುವುದು ಒಂದು ಹೆಸರು, ಅಷ್ಟೇ. ಹೆಸರು ಹೇಳಿಬಿಟ್ಟರೆ ನನ್ನ ಕೆಲಸ ಸುಲಭ. ಆದರೆ ಎರಡು ತಿಂಗಳು ಬಿಟ್ಟು ಕೇಳಿದರೆ ಆ ಪೆನ್ನು ಟೇಬಲ್ಲಿನ ಡ್ರಾಯರಿನಲ್ಲಿ ಒಣಗಿ ಬಿದ್ದಿರುತ್ತದೆ. ಪೆನ್ನು ಕೆಟ್ಟದ್ದು ಅಂತಲ್ಲ. ಅವರ ಕಿಸೆಗೂ ಅವರು ಬರೆಯುವ ಹಾಳೆಗೂ ಅದು ಹೊಂದಲಿಲ್ಲ. ಹಾಗಾಗಿ ಈ ಸಲ ಉಲ್ಟಾ ಶುರು ಮಾಡೋಣ. ಮೊದಲು ಕಿಸೆ, ಆಮೇಲೆ ಹಾಳೆ ಮತ್ತು ಅಕ್ಷರ, ಕಂಪನಿ ಹೆಸರು ಕೊನೆಗೆ.

ಹತ್ತಿರ ಇಟ್ಟುಕೊಳ್ಳಬೇಕಾದದ್ದು: ಒಂದು ಸ್ಕೇಲು, ನೀವು ದಿನಾ ಬರೆಯುವ ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆ, ಕ್ಯಾಮೆರಾ ಇರುವ ಮೊಬೈಲು, ಹಳೇ ಬಟ್ಟೆ ತುಂಡು. ಔಷಧಿ ಅಂಗಡಿಯಲ್ಲಿ ಸಿಗುವ ಒಂದು ಸಿರಿಂಜು ಕೂಡ ತಂದಿಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

1. ನಿಮ್ಮ ಕೆಲಸಕ್ಕೆ ಇಂಕ್ ಪೆನ್ನು ಆಗುತ್ತಾ ನೋಡಿಕೊಳ್ಳಿ

ಓಎಂಆರ್ ಹಾಳೆಯಲ್ಲಿ ಗುಂಡು ತುಂಬುವ ಪರೀಕ್ಷೆಗೆ ಇದನ್ನು ಒಯ್ಯಬೇಡಿ. ಅಲ್ಲಿ ಬಾಲ್ ಪೆನ್ನೇ ಬೇಕು, ಯಾವ ಬಣ್ಣದ್ದು ಅಂತಲೂ ಸೂಚನೆಯಲ್ಲಿ ಬರೆದಿರುತ್ತಾರೆ. ಇಂಕು ಪಕ್ಕದ ಗುಂಡಿಗೆ ಹರಡಿದರೆ ಆಮೇಲೆ ಯಾರ ಹತ್ತಿರ ಹೇಳೋದು? ಪ್ರಾಕ್ಟೀಸಿಗೆ ಬರೆಯುವ ಪ್ರಬಂಧ, ನೋಟ್ಸು, ಇವಕ್ಕೆ ಮಾತ್ರ ಇಟ್ಟುಕೊಳ್ಳಿ.

ಕಾರ್ಬನ್ ಇಟ್ಟು ಎರಡು ಮೂರು ಪ್ರತಿ ತೆಗೆಯುವವರಿಗೂ ಇದು ಆಗಲ್ಲ. ಇಂಕ್ ಪೆನ್ನಿನ ಮೇಲೆ ಭಾರ ಹಾಕಬಾರದು, ಭಾರ ಹಾಕದೆ ಕಾರ್ಬನ್ ಮೂಡಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪಟ್ಟಿ ಬರೆಯುವವರ ಕೈಗೆ ಬಾಲ್ ಪೆನ್ನೇ ಸರಿ.

ಇವೆರಡೂ ನಿಮ್ಮ ಕೆಲಸ ಅಲ್ಲ ಅಂದರೆ ಮುಂದೆ ಓದಿ.

2. ಕಿಸೆ ಅಳೆಯಿರಿ

ನಗಬೇಡಿ, ನಿಜವಾಗಲೂ ಅಳೆಯಿರಿ. ಸ್ಕೇಲನ್ನು ಅಂಗಿ ಕಿಸೆಯೊಳಗೆ ಇಳಿಸಿ ಎಷ್ಟು ಆಳ ಇದೆ ನೋಡಿ. ಮುಚ್ಚಳ ಹಾಕಿದ ಸಾಮಾನ್ಯ ಇಂಕ್ ಪೆನ್ನು 13.5 ರಿಂದ 14 ಸೆಂಟಿಮೀಟರ್ ಉದ್ದ ಇರುತ್ತದೆ. ಕಿಸೆ ಅದಕ್ಕಿಂತ ಗಿಡ್ಡ ಇದ್ದರೆ ಪೆನ್ನಿನ ತಲೆ ಹೊರಗೆ ಇಣುಕುತ್ತದೆ, ಕ್ಲಿಪ್ಪು ಬಟ್ಟೆಯನ್ನು ಪೂರ್ತಿ ಕಚ್ಚಿಕೊಳ್ಳೋದಿಲ್ಲ. ನೀವು ಚಪ್ಪಲಿ ಹಾಕಿಕೊಳ್ಳಲು ಬಗ್ಗುತ್ತೀರಿ, ಅದು ಟಣ್ ಅಂತ ಕೆಳಗೆ. ಬೀಳುವಾಗ ಮುಚ್ಚಳ ಬಿಚ್ಚಿಕೊಂಡರೆ ನಿಬ್ಬೇ ಮೊದಲು ನೆಲಕ್ಕೆ ತಾಗುತ್ತದೆ, ಇದು ಯಾವ ಜನ್ಮದ ಸಿಟ್ಟೋ ಗೊತ್ತಿಲ್ಲ.

ಮೂರು ಅಳತೆ ಮುಖ್ಯ. ಮುಚ್ಚಿದಾಗಿನ ಉದ್ದ, ಮುಚ್ಚಳ ತೆಗೆದಾಗಿನ ಉದ್ದ, ಮುಚ್ಚಳವನ್ನು ಹಿಂದೆ ಸಿಕ್ಕಿಸಿದಾಗಿನ ಉದ್ದ. ಸಣ್ಣ ಪೆನ್ನು ಕೊಳ್ಳುವವರು ಮೊದಲನೆಯದನ್ನು ಮಾತ್ರ ನೋಡಿ ಮೋಸ ಹೋಗುತ್ತಾರೆ. ಮುಚ್ಚಿದಾಗ 10–11 ಸೆಂ.ಮೀ. ಇದ್ದರೆ ಚಂದ. ಆದರೆ ಮುಚ್ಚಳ ಹಿಂದೆ ಸಿಕ್ಕಿಸಿದಾಗ 12.5 ಸೆಂ.ಮೀ. ಆದರೂ ಆಗಬೇಕು. ಇಲ್ಲದಿದ್ದರೆ ಪೆನ್ನಿನ ಬಾಲ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿಗೆ ಒರಗುವುದಿಲ್ಲ, ಒಂದು ಪುಟ ಬರೆಯುವಷ್ಟರಲ್ಲಿ ಬೆರಳು ಹಿಡಿದುಕೊಳ್ಳುತ್ತವೆ.

ಪ್ಯಾಂಟಿನ ಕಿಸೆಯಲ್ಲಿ ಇಡುವವರು ತಿರುಪಿನ ಮುಚ್ಚಳದ್ದನ್ನೇ ತಗೊಳ್ಳಿ, ಅಂದರೆ ಬಾಟಲಿ ಬಿರಡೆ ಥರ ತಿರುಗಿಸಿ ತೆಗೆಯುವಂಥದ್ದು. ಟಿಕ್ ಅಂತ ಒತ್ತಿ ಮುಚ್ಚುವ ಮುಚ್ಚಳ ಬೈಕ್ ಓಡಿಸುವಾಗ ಯಾವಾಗ ಬಿಚ್ಚಿಕೊಂಡಿತು ಅಂತ ಗೊತ್ತೇ ಆಗಲ್ಲ, ತೊಡೆ ತಣ್ಣಗಾದಾಗಲೇ ತಿಳಿಯೋದು. ಹೆಣ್ಣುಮಕ್ಕಳ ಕುರ್ತಾಗಳಿಗೆ ಕಿಸೆಯೇ ಇರಲ್ಲ (ಅದು ದರ್ಜಿಗಳ ಜೊತೆ ಮಾಡಬೇಕಾದ ಬೇರೆ ಜಗಳ), ಪೆನ್ನು ಬ್ಯಾಗಿನಲ್ಲಿ ಅಡ್ಡಡ್ಡ ಮಲಗಿರುತ್ತದೆ, ಹಾಗಾಗಿ ಅವರಿಗೂ ತಿರುಪಿನದ್ದೇ ಸರಿ. ಅಂಗಿ ಕಿಸೆಗೆ ಮಾತ್ರ ಅಂದರೆ ಟಿಕ್ ಮುಚ್ಚಳ ನಡೆಯುತ್ತದೆ, ಬೇಗ ತೆಗೆದು ಬರೆಯಬಹುದು.

ತೂಕದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಲೋಹದ ಭಾರದ ಪೆನ್ನು ಅಂಗಡಿಯಲ್ಲಿ ಕೈಗೆ ಹಿಡಿದಾಗ ಸಾಹುಕಾರನಾದ ಹಾಗೆ ಅನಿಸುತ್ತದೆ, ಆದರೆ ತೆಳು ಕಾಟನ್ ಅಂಗಿಯ ಕಿಸೆ ಜೋತು ಬೀಳುತ್ತದೆ. ಪ್ಲಾಸ್ಟಿಕ್ ಸಾಕು.

3. ಇಂಕು ತುಂಬುವ ಪದ್ಧತಿ ಆರಿಸಿ

ಸೋರುವುದು, ಕಲೆಯಾಗುವುದು, ಎಲ್ಲದರ ಬೇರು ಇಲ್ಲಿದೆ. ಸ್ವಲ್ಪ ನಿಧಾನ ಓದಿ.

ಮೊದಲನೆಯದು ಡ್ರಾಪರ್ ಪೆನ್ನು. ಶಾಲೆಯಲ್ಲಿ ದೌತಿಯಿಂದ ಇಂಕು ಹೀರಿ ಪೆನ್ನಿನ ಹೊಟ್ಟೆಗೇ ಸುರಿಯುತ್ತಿದ್ದೆವಲ್ಲ, ಅದೇ. ಅಗ್ಗ, ಕೆಡುವಂಥದ್ದು ಏನೂ ಇಲ್ಲ, 2–3 ಮಿ.ಲೀ. ಇಂಕು ಹಿಡಿಯುತ್ತದೆ. ಒಂದೇ ತೊಂದರೆ ಅಂದರೆ ಗಾಳಿ. ಇಂಕು ಖರ್ಚಾದ ಹಾಗೆ ಹೊಟ್ಟೆಯೊಳಗೆ ಗಾಳಿ ತುಂಬಿಕೊಳ್ಳುತ್ತದೆ. ಎದೆಯ ಕಾವು ಪ್ಲಾಸ್ಟಿಕ್ಕಿನ ಮೂಲಕ ಒಳಗೆ ಹೋಗುತ್ತದೆ, ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ಇಂಕನ್ನು ನಿಬ್ಬಿನ ಕಡೆ ದಬ್ಬುತ್ತದೆ. ಮುಚ್ಚಳದೊಳಗೆ ಒಂದು ದಪ್ಪ ಹನಿ ಕೂತಿರುತ್ತದೆ. ನೀವು ಬರೆಯಲು ತೆಗೆದ ಕೂಡಲೇ ಟಪ್. ಪೆನ್ನು ಪೂರ್ತಿ ತುಂಬಿದ್ದರೆ ಈ ತಾಪತ್ರಯ ಕಡಿಮೆ, ಮುಕ್ಕಾಲು ಖಾಲಿಯಾದ ಮೇಲೆ ಜಾಸ್ತಿ. ಮೇ ತಿಂಗಳ ಒಂದು ಮಧ್ಯಾಹ್ನ ಧಾರವಾಡದಿಂದ ಹುಬ್ಬಳ್ಳಿಗೆ ನಿಂತುಕೊಂಡೇ ಬಸ್ಸಿನಲ್ಲಿ ಬಂದಾಗ ನನ್ನ ಬಿಳಿ ಅಂಗಿಯ ಮೇಲೆ ರೊಟ್ಟಿಯಷ್ಟು ನೀಲಿ ಕಲೆ ಆಗಿತ್ತು. ತಪ್ಪು ಪೆನ್ನಿನದ್ದಲ್ಲ, ಕಾಲು ಭಾಗ ಇಂಕು ಉಳಿದ ಡ್ರಾಪರ್ ಪೆನ್ನನ್ನು ಬೇಸಿಗೆಯಲ್ಲಿ ಎದೆಗೆ ಅಂಟಿಸಿಕೊಂಡ ನನ್ನದು.

ಎರಡನೆಯದು ಕಾರ್ಟ್ರಿಜ್. ಇಂಕು ತುಂಬಿ ಸೀಲು ಮಾಡಿದ ಪುಟ್ಟ ಪ್ಲಾಸ್ಟಿಕ್ ಕೊಳವೆ. ಒತ್ತಿದರೆ ಸೀಲು ಒಡೆಯುತ್ತದೆ, ಖಾಲಿಯಾದರೆ ಬಿಸಾಡಿ ಹೊಸದು ಹಾಕೋದು. ಒಳಗಿನ ಗಾಳಿ ಸ್ವಲ್ಪವೇ ಇರುವುದರಿಂದ ಹಿಗ್ಗುವುದೂ ಸ್ವಲ್ಪವೇ. ಕಿಸೆಗೆ ಇದು ಒಳ್ಳೇದು. ಆದರೆ ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಪಾರ್ಕರ್, ಪೈಲಟ್, ಲ್ಯಾಮಿ, ಪ್ಲ್ಯಾಟಿನಂ, ಒಬ್ಬೊಬ್ಬರ ಕಾರ್ಟ್ರಿಜ್ ಬಾಯಿ ಒಂದೊಂದು ಥರ. ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಇದರ ಜೊತೆಗೆ “ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್” ಅನ್ನುವ ಸಾರ್ವಜನಿಕ ಅಳತೆ ಇದೆ, ಬೇರೆ ಬೇರೆ ಕಂಪನಿಗಳು ಅದನ್ನು ಬಳಸುತ್ತವೆ. ಪೆನ್ನು ಕೊಳ್ಳುವ ಮೊದಲೇ “ಇದರ ಕಾರ್ಟ್ರಿಜ್ ನಿಮ್ಮಲ್ಲಿ ಸಿಗುತ್ತಾ?” ಅಂತ ಅದೇ ಅಂಗಡಿಯವರನ್ನು ಕೇಳಿ. ಅವರು “ತರಿಸಿ ಕೊಡ್ತೀವ್ರಿ” ಅಂದರೆ ಇಲ್ಲ ಅಂತಲೇ ಅರ್ಥ.

ಮೂರನೆಯದು ಕನ್ವರ್ಟರ್. ಕಾರ್ಟ್ರಿಜ್ಜಿನ ಜಾಗದಲ್ಲಿ ಕೂರುವ ಸಣ್ಣ ಪಂಪು. ಬಾಲ ತಿರುಗಿಸಿದರೆ ದೌತಿಯಿಂದ ಇಂಕು ಹೀರುತ್ತದೆ. ದಿನಾ ಬರೆಯುವವರಿಗೆ ಖರ್ಚು ಉಳಿಯುತ್ತದೆ. ಆದರೆ ನಿಜವಾಗಿ ಸಣ್ಣ ಪೆನ್ನುಗಳ ಹೊಟ್ಟೆಯಲ್ಲಿ ಮಾಮೂಲಿ ಕನ್ವರ್ಟರ್ ಹಿಡಿಸುವುದಿಲ್ಲ, ಗಿಡ್ಡದ್ದು ಬೇರೆ ಬರುತ್ತದೆ, ಅದರಲ್ಲಿ ಇಂಕು ತೀರಾ ಕಡಿಮೆ ನಿಲ್ಲುತ್ತದೆ.

ನನ್ನ ಸಲಹೆ ಸಿರಿಂಜು. ಖಾಲಿ ಕಾರ್ಟ್ರಿಜ್ಜನ್ನು ತೊಳೆದು, ಬಾಟಲಿ ಇಂಕನ್ನು ಸಿರಿಂಜಿನಿಂದ ತುಂಬಿಕೊಳ್ಳಿ. ಸೂಜಿಯ ತುದಿ ಚೂಪಿರುತ್ತದೆ, ಮೊದಲು ಕಲ್ಲಿಗೆ ತಿಕ್ಕಿ ಮೊಂಡು ಮಾಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಒಂದೇ ಕಾರ್ಟ್ರಿಜ್ ಐದಾರು ಸಲ ನಡೆಯುತ್ತದೆ. ಬಾಯಿ ಸಡಿಲ ಅನಿಸಿದ ದಿನ ಬಿಸಾಡಿಬಿಡಿ, ಅಲ್ಲಿ ಜಿಪುಣತನ ಮಾಡಿದರೆ ಅಂಗಿ ಹೋಗುತ್ತದೆ.

4. ನಿಬ್ಬು ಕನ್ನಡಕ್ಕೆ ಹೊಂದಬೇಕು

ನಿಬ್ಬಿನ ಮೇಲೆ ಇಂಗ್ಲಿಷಿನ ಒಂದೆರಡು ಅಕ್ಷರ ಕೆತ್ತಿರುತ್ತಾರೆ. ಇಎಫ್ ಅಂದರೆ ತೀರಾ ಸಣ್ಣ, ಎಫ್ ಸಣ್ಣ, ಎಂ ಮಧ್ಯಮ, ಬಿ ದಪ್ಪ. ಜಪಾನಿನ ಎಫ್ ಯುರೋಪಿನ ಎಫ್‌ಗಿಂತ ಸಣ್ಣಗೆ ಬರೆಯುತ್ತದೆ, ಇದನ್ನು ನೆನಪಿಟ್ಟುಕೊಳ್ಳಿ.

ವಿಮರ್ಶೆ ಬರೆಯುವವರು ಬಹಳಷ್ಟು ಜನ ಇಂಗ್ಲಿಷಿನಲ್ಲಿ ಬರೆದು ನೋಡಿ “ಎಂ ನಿಬ್ಬು ಬೆಣ್ಣೆ ಹಾಗೆ ಓಡುತ್ತೆ” ಅನ್ನುತ್ತಾರೆ. ಓಡಲಿ. ಕನ್ನಡದಲ್ಲಿ ಒತ್ತಕ್ಷರ ಇದೆಯಲ್ಲ? ಗೆರೆಯ ಕೆಳಗೆ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಒಂದು ಷಕಾರ, ಅದರ ಹೊಟ್ಟೆಗೊಂದು ಮಕಾರ ಕೂರಬೇಕು. ದಪ್ಪ ನಿಬ್ಬಿನಲ್ಲಿ ಆ ಸಣ್ಣ ಸುತ್ತುಗಳೊಳಗೆ ಇಂಕು ತುಂಬಿ ಗುಡ್ಡೆಯಾಗುತ್ತದೆ, ನಾಳೆ ನಿಮಗೇ ಓದಲು ಬರಲ್ಲ. ಅದಕ್ಕೆ ಕನ್ನಡ ಬರೆಯುವವರಿಗೆ ಎಫ್, ಅಕ್ಷರ ತೀರಾ ಸಣ್ಣದಿದ್ದರೆ ಇಎಫ್. ಬರೀ ಸಹಿಗೆ ಅಂದರೆ ಎಂ ಇರಲಿ, ಸಹಿಯನ್ನು ಯಾರೂ ಓದೋದಿಲ್ಲ.

ಇನ್ನೊಂದು ಸಂಗತಿ. ನಮ್ಮ ಅಕ್ಷರಗಳು ಗುಂಡು. ಕೈ ಕೆಳಗೆ ಎಳೆಯುವಷ್ಟೇ ಸಲ ಮೇಲಕ್ಕೂ ಎಡಕ್ಕೂ ದಬ್ಬುತ್ತದೆ. ಕೆಳಗೆ ಎಳೆಯುವಾಗ ಎಂಥ ನಿಬ್ಬಾದರೂ ನಯವೇ. ದಬ್ಬುವಾಗಲೇ ಅದು ಹಾಳೆಯನ್ನು ಕೆರೆಯೋದು. ಆದ್ದರಿಂದ ಅಂಗಡಿಯಲ್ಲಿ ಸಹಿ ಹಾಕಿ, ನಾಲ್ಕು ಗೀಟು ಎಳೆದು “ಚಲೋ ಐತಿ” ಅನ್ನಬೇಡಿ. ನಾನು ಬರೆಸುವುದು ಮೂರು ಊರಿನ ಹೆಸರು: ಹುಬ್ಬಳ್ಳಿ, ಲಕ್ಷ್ಮೇಶ್ವರ, ರಾಣೆಬೆನ್ನೂರು. ಮೊದಲನೆಯದರಲ್ಲಿ ಎರಡು ಒತ್ತು. ಎರಡನೆಯದರಲ್ಲಿ ಕ್ಷ್ಮ ಇದೆ, ಇಂಕು ತುಂಬಿಕೊಳ್ಳುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ. ಮೂರನೆಯದರಲ್ಲಿ ಕೈ ಎಡಕ್ಕೂ ಬಲಕ್ಕೂ ಸುತ್ತುತ್ತಲೇ ಇರಬೇಕು. ಸಣ್ಣಕ್ಷರದಲ್ಲಿ ಮೂರನ್ನೂ ಎರಡೆರಡು ಸಲ ಬರೆಯಿರಿ, ಭಾರ ಹಾಕದೆ. ಒಂದು ಕಡೆ ಕೂಡ ತಡವರಿಸದಿದ್ದರೆ ಆ ನಿಬ್ಬು ನಿಮ್ಮದು.

5. ಅಂಗಡಿಯಲ್ಲಿ ನೋಡಬೇಕಾದದ್ದು

ಹುಬ್ಬಳ್ಳಿಯಲ್ಲಾದರೆ ಕೊಪ್ಪಿಕರ್ ರಸ್ತೆ, ದುರ್ಗದ ಬೈಲ್ ಸುತ್ತಮುತ್ತ, ಧಾರವಾಡದಲ್ಲಾದರೆ ಸುಭಾಸ ರಸ್ತೆ ಕಡೆ ಒಂದು ಸುತ್ತು ಹಾಕಿ. ಆನ್‌ಲೈನಿನಲ್ಲಿ ನೂರಿನ್ನೂರು ರೂಪಾಯಿ ಕಡಿಮೆ ಸಿಗಬಹುದು, ಆದರೆ ನಿಬ್ಬನ್ನು ಬರೆದು ನೋಡದೆ ತಗೊಳ್ಳೋದು ಅಂದರೆ ಚಪ್ಪಲಿಯನ್ನು ಫೋಟೋ ನೋಡಿ ತಗೊಂಡ ಹಾಗೆ. ಹೆಸರುವಾಸಿ ಪೆನ್ನುಗಳ ನಕಲಿಗಳೂ ಆನ್‌ಲೈನಿನಲ್ಲಿ ಇವೆ.

ಮೊದಲು ನಿಬ್ಬನ್ನು ಮುಖಕ್ಕೆ ನೇರ ಹಿಡಿದು ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿ. ನಿಬ್ಬಿನ ನಡುವೆ ಸೀಳು ಇರುತ್ತದೆ, ಎರಡೂ ಕಡೆಯ ತುದಿ ಒಂದೇ ಮಟ್ಟದಲ್ಲಿ ಇರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಕೆರೆಯುತ್ತದೆ. ನಿಬ್ಬಿನ ಹೊಟ್ಟೆಗೆ ಅಂಟಿದ ಕಪ್ಪು ಪ್ಲಾಸ್ಟಿಕ್ ತುಂಡು ಇದೆಯಲ್ಲ, ಅದಕ್ಕೆ ಫೀಡ್ ಅನ್ನುತ್ತಾರೆ, ಇಂಕು ಬರುವ ಕಾಲುವೆ ಅದೇ. ಅದು ನಿಬ್ಬಿನ ಸರಿ ನಡುವೆ ಕೂತಿರಬೇಕು.

ಆಮೇಲೆ ಒಂದು ಹನಿ ಇಂಕಿನಲ್ಲಿ ಅದ್ದಿ ಬರೆಯಲು ಕೊಡಿ ಅಂತ ಕೇಳಿ. ಕೆಲವರು ಖುಷಿಯಿಂದ ಕೊಡುತ್ತಾರೆ, ಕೆಲವರು ಮುಖ ಸಿಂಡರಿಸುತ್ತಾರೆ. ಅವರು ಕೊಡುವ ಹೊಳಪಿನ ಹಾಳೆಯ ಮೇಲೆ ಬರೆಯಬೇಡಿ, ನೀವು ಒಯ್ದ ಹಾಳೆಯ ಮೇಲೆ ಬರೆಯಿರಿ. ಹೊಳಪಿನ ಹಾಳೆಯ ಮೇಲೆ ಎಲ್ಲ ಪೆನ್ನೂ ಚಂದವೇ.

ಮೇಲಿನ ಕಪಾಟಿನಿಂದ ಧೂಳು ಒರೆಸಿ ತೆಗೆದುಕೊಟ್ಟ ಹಳೇ ಸ್ಟಾಕ್ ಅಂದರೆ ಕೆಲವರಿಗೆ ಪ್ರೀತಿ ಜಾಸ್ತಿ. ನನಗೂ ಇದೆ. ಆದರೆ ಒಳಗೆ ರಬ್ಬರ್ ಚೀಲ ಇರುವ ಒತ್ತಿ ತುಂಬುವ ಪೆನ್ನಾದರೆ ಆ ಚೀಲ ಒಣಗಿ ಬಿರಿದಿರಬಹುದು. ನೀರು ತುಂಬಿ ನೋಡದೆ ರೊಕ್ಕ ಕೊಡಬೇಡಿ.

6. ಈಗ ಹೆಸರು

ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

ಇನ್ನೂರು ರೂಪಾಯಿಯೊಳಗೆ ಅಂದರೆ ನಮ್ಮ ದೇಶದ್ದೇ ಪ್ಲಾಸ್ಟಿಕ್ ಪೆನ್ನುಗಳು, ಕ್ಯಾಮ್ಲಿನ್ ಥರದವು. ಇವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಿಬ್ಬಿನಲ್ಲಿ ಅಜಗಜಾಂತರ ಇರುತ್ತದೆ, ನಾಲ್ಕು ತೆಗೆಸಿ ಒಂದು ಆರಿಸಿ. ಅಭ್ಯಾಸ ಆಗುತ್ತಾ ಇಲ್ವಾ ಅಂತ ನೋಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಐನೂರರ ಆಸುಪಾಸಿನಲ್ಲಿ ಪ್ಲ್ಯಾಟಿನಂ ಪ್ರೆಪಿ. ಸಣ್ಣದಲ್ಲ, 13.8 ಸೆಂ.ಮೀ. ಉದ್ದ, ಆದರೆ ಗರಿ ಹಾಗೆ ಹಗುರ. ಇದರ ಮುಚ್ಚಳದೊಳಗೆ ಸ್ಪ್ರಿಂಗ್ ಇರುವ ಇನ್ನೊಂದು ಒಳಮುಚ್ಚಳ ಇದೆ, ಗಾಳಿ ಆಡುವುದಿಲ್ಲ. ವಾರಕ್ಕೊಮ್ಮೆ ಬರೆಯುವವರಿಗೂ ತೆಗೆದ ಕೂಡಲೇ ಓಡುತ್ತದೆ. ಅಂಗಿ ಕಿಸೆ ಆಳ ಇದ್ದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಪಾರ್ಕರ್ ವೆಕ್ಟರ್ ಕೂಡ ನೋಡಬಹುದು, ಸಪೂರ ಇದೆ, ಟಿಕ್ ಮುಚ್ಚಳ, ಕಾರ್ಟ್ರಿಜ್ ಹುಡುಕಲು ಜಾಸ್ತಿ ಅಲೆಯಬೇಕಿಲ್ಲ.

ಸಾವಿರದ ಮೇಲೆ ಹೋಗುವವರಿಗೆ ಪೈಲಟ್ ಕಕುನೊ. ಮಕ್ಕಳಿಗೆ ಅಂತ ಮಾಡಿದ್ದು, ನಿಬ್ಬಿನ ಮೇಲೆ ನಗುಮುಖ ಇದೆ, ಹಿಡಿಯುವ ಜಾಗ ತ್ರಿಕೋನ. ಕ್ಲಿಪ್ ಇಲ್ಲ ಅನ್ನೋದೇ ಕೊರತೆ, ಬ್ಯಾಗಿಗೆ ಸರಿ, ಕಿಸೆಗೆ ಅಲ್ಲ.

ನಿಜವಾದ ಕಿಸೆ ಪೆನ್ನು ಬೇಕೇ ಬೇಕು ಅಂದರೆ ಜರ್ಮನಿಯ ಕವೆಕೊ ಸ್ಪೋರ್ಟ್. ಈ ಆಕಾರ 1930ರ ದಶಕದಿಂದ ಬಂದದ್ದು. ಮುಚ್ಚಿದಾಗ 10.5 ಸೆಂ.ಮೀ., ಮುಚ್ಚಳ ಹಿಂದೆ ಸಿಕ್ಕಿಸಿದರೆ 13ಕ್ಕೆ ಬೆಳೆಯುತ್ತದೆ. ತಿರುಪಿನ ಮುಚ್ಚಳ, ಅದಕ್ಕೆ ಎಂಟು ಪಟ್ಟಿ, ಟೇಬಲ್ ಮೇಲಿಂದ ಉರುಳಲ್ಲ. ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡಿನ ಗಿಡ್ಡ ಕಾರ್ಟ್ರಿಜ್ ಹಾಕಬೇಕು. ಕ್ಲಿಪ್ಪಿಗೆ ಬೇರೆ ದುಡ್ಡು ಕೊಡಬೇಕು, ಇದು ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಪ್ಲಾಸ್ಟಿಕ್ಕಿನದ್ದೇ ಎರಡು ಸಾವಿರದ ಆಸುಪಾಸು ಇರುತ್ತದೆ, “ಅಗ್ಗ” ಅನ್ನಲು ಬಾಯಿ ಬರಲ್ಲ. ಮೊದಲ ಪೆನ್ನಾಗಿ ತಗೊಳ್ಳಬೇಡಿ. ಆರು ತಿಂಗಳು ಅಗ್ಗದ್ದರಲ್ಲಿ ಬರೆದ ಮೇಲೂ ಆಸೆ ಉಳಿದಿದ್ದರೆ ಆಗ ತಗೊಳ್ಳಿ.

7. ಇಂಕು, ಹಾಳೆ

ಕಿಸೆಯ ಪೆನ್ನಿಗೆ ರಾಯಲ್ ಬ್ಲೂ ಹಾಕಿ. ಬಣ್ಣ ಚಂದ ಅಂತಲ್ಲ, ಒಗೆದರೆ ಹೋಗುತ್ತದೆ ಅಂತ. ಪರ್ಮನೆಂಟ್ ಬ್ಲ್ಯಾಕ್ ಅಂಗಿಗೆ ಬಿದ್ದರೆ ಆ ಅಂಗಿಯನ್ನು ಹೊಲಕ್ಕೆ ಉಟ್ಟುಕೊಂಡು ಹೋಗಬೇಕಷ್ಟೇ. ಆದರೆ ರಾಯಲ್ ಬ್ಲೂ ನೀರಿಗೆ ಅಳಿಸುತ್ತದೆ, ಹಾಗಾಗಿ ಚೆಕ್ಕು, ಕರಾರು ಪತ್ರಗಳಿಗೆ ಅದರಲ್ಲಿ ಸಹಿ ಮಾಡಬೇಡಿ.

ದೊಡ್ಡ ಎಚ್ಚರಿಕೆ: ಅದೇ ಅಂಗಡಿಯಲ್ಲಿ, ಅದೇ ಕಂಪನಿಯ ಹೆಸರಿನಲ್ಲಿ ಸಣ್ಣ ಬಾಟಲಿಯ “ಡ್ರಾಯಿಂಗ್ ಇಂಕ್” ಇರುತ್ತದೆ. ನೋಡಲು ಒಂದೇ ಥರ. ಅದು ಒಣಗಿದರೆ ಗಟ್ಟಿ ಪದರವಾಗುತ್ತದೆ, ಫೀಡಿನ ಕಾಲುವೆ ಮುಚ್ಚಿಹೋಗುತ್ತದೆ, ಆಮೇಲೆ ಏನು ತೊಳೆದರೂ ಬರಲ್ಲ. ಲೇಬಲ್ ಮೇಲೆ ಫೌಂಟನ್ ಪೆನ್ ಇಂಕ್ ಅಂತ ಇದ್ದರೆ ಮಾತ್ರ ತಗೊಳ್ಳಿ. ಸ್ಟ್ಯಾಂಪ್ ಪ್ಯಾಡಿನ ಇಂಕು ಹಾಕಿದವರನ್ನೂ ನೋಡಿದ್ದೇನೆ, ಹೆಸರು ಬೇಡ.

ಹಾಳೆ ತೆಳುವಾಗಿದ್ದರೆ ಇಂಕು ಬೇರು ಬಿಟ್ಟ ಹಾಗೆ ಹರಡುತ್ತದೆ. 70 ಜಿಎಸ್‌ಎಂ ಮೇಲಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಹಾಳೆ ತಂಪು ಹಿಡಿದು ಒಳ್ಳೆಯದೂ ಸ್ವಲ್ಪ ಹರಡುತ್ತದೆ, ಪೆನ್ನನ್ನು ಬೈಯಬೇಡಿ. ಗದಗದವರಿಗೆ ಒಂದು ಅನುಕೂಲ ಇದೆ. ಊರ ತುಂಬ ಪ್ರೆಸ್ಸುಗಳು. ಕತ್ತರಿಸಿ ಉಳಿದ ತುಂಡು ಹಾಳೆ ಕೊಡ್ತೀರಾ ಅಂತ ಕೇಳಿ ನೋಡಿ, ಮ್ಯಾಪ್ಲಿತೊ (ಹೊಳಪಿಲ್ಲದ ಅಚ್ಚಿನ ಹಾಳೆ) ಅಂತ ಹೆಸರು ಹಿಡಿದು ಕೇಳಿ. ಮಿರುಗುವ ಆರ್ಟ್ ಪೇಪರ್ ಪುಕ್ಕಟೆ ಕೊಟ್ಟರೂ ಬೇಡ, ಅದರ ಮೇಲೆ ಇಂಕು ಬೇಗ ಒಣಗುವುದೇ ಇಲ್ಲ.

8. ಮೊದಲ ವಾರ

ಮನೆಗೆ ತಂದ ಕೂಡಲೇ ಇಂಕು ತುಂಬಬೇಡಿ. ಕಾರ್ಖಾನೆಯ ಎಣ್ಣೆ ಜಿಡ್ಡು ನಿಬ್ಬಿನ ಮೇಲೆ ಇರುತ್ತದೆ. ತಣ್ಣೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು, ಬರೀ ನೀರಿನಲ್ಲಿ ಮತ್ತೆ ತೊಳೆದು, ರಾತ್ರಿಯಿಡೀ ಬಟ್ಟೆಯ ಮೇಲೆ ಒಣಗಿಸಿ. ಬಿಸಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬೋರ್ ನೀರು ಗಡಸಾಗಿದ್ದರೆ ಕುಡಿಯುವ ನೀರಿನಲ್ಲೇ ತೊಳೆಯಿರಿ, ಇಲ್ಲಾಂದ್ರೆ ಬಿಳಿ ಉಪ್ಪು ಕಟ್ಟುತ್ತದೆ. ತಿಂಗಳಿಗೊಮ್ಮೆ ಹೀಗೇ ತೊಳೆದರೆ ಸಾಕು, ಆಗ ಲಿಕ್ವಿಡ್ ಬೇಕಿಲ್ಲ.

ಸ್ವಲ್ಪ ಕೆರೆಯುತ್ತದೆ ಅಂತ ನಿಬ್ಬನ್ನು ನೆಲಕ್ಕೆ ತಿಕ್ಕಬೇಡಿ. ಶಾಲೆಯಲ್ಲಿ ನಾವೆಲ್ಲ ಶಹಾಬಾದ್ ಫರಸಿಗೆ ತಿಕ್ಕಿದವರೇ. ನಿಬ್ಬಿನ ತುದಿಯಲ್ಲಿ ಗಟ್ಟಿ ಲೋಹದ ಒಂದು ಪುಟ್ಟ ಗುಂಡು ಕೂಡಿಸಿರುತ್ತಾರೆ, ತಿಕ್ಕಿದರೆ ಅದೇ ಸವೆದು ಹೋಗುತ್ತದೆ. ಕ್ಯಾಮೆರಾದಲ್ಲಿ ನೋಡಿ, ಯಾವ ತುದಿ ಮೇಲಿದೆಯೋ ಅದನ್ನು ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಒಂದೆರಡು ಸಲ ಒತ್ತಿ. ಸರಿ ಹೋಗದಿದ್ದರೆ ಅಂಗಡಿಗೆ ವಾಪಸ್ ಒಯ್ದು ಬದಲಿಸಿಕೊಳ್ಳಿ.

ಕಿಸೆಯಲ್ಲಿ ಯಾವಾಗಲೂ ನಿಬ್ಬು ಮೇಲೆ ಬರುವ ಹಾಗೆ ಇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲೋ ಬೈಕಿನ ಡಿಕ್ಕಿಯಲ್ಲೋ ಬಿಟ್ಟು ಹೋಗಬೇಡಿ.

ಮತ್ತೆ ಕಿಸೆಯಲ್ಲಿ ಇದರ ಪಕ್ಕ ಐದು ರೂಪಾಯಿಯ ಬಾಲ್ ಪೆನ್ನು ಒಂದು ಇರಲೇಬೇಕು. ಬ್ಯಾಂಕಿನಲ್ಲಿ ಸ್ಲಿಪ್ ತುಂಬುತ್ತಾ ನಿಂತಿರುತ್ತೀರಿ, ಪಕ್ಕದವರು “ಸರ್, ಒಂಚೂರು ಪೆನ್ ಕೊಡ್ರಿ” ಅನ್ನುತ್ತಾರೆ. ಇಲ್ಲ ಅನ್ನೋಕೆ ಮನಸ್ಸು ಬರಲ್ಲ. ಅವರಿಗೆ ಬಾಲ್ ಪೆನ್ನಿನ ಮೇಲೆ ಒತ್ತಿ ಬರೆದು ರೂಢಿ, ಒಂದು ಸಹಿ ಸಾಕು, ನಿಬ್ಬು ಕಾಲಗಲಿಸಿಕೊಂಡು ನಿಲ್ಲುತ್ತದೆ. ಆ ಬಾಲ್ ಪೆನ್ನನ್ನು ಕೊಡಿ, ವಾಪಸ್ ಬರದಿದ್ದರೂ ಬೇಜಾರಿಲ್ಲ.